ಅನ್‌ಲೆಸ್ ಜೊತೆ ಡೋಂಟ್ ಯಾಕೆ ಬೇಡ?

ಪ್ರಶ್ನೆ: ಮೇಷ್ಟ್ರೇ, ಮೈಸೂರಿನ ಒಂದು ಆಫೀಸಿನಲ್ಲಿ ಬಿಲ್ಲುಗಳ ಕೆಲಸ ನೋಡಿಕೊಳ್ಳುತ್ತೇನೆ. ‘ಅನ್‌ಲೆಸ್ ಯು ಡೋಂಟ್ ಸೆಂಡ್ ದ ಬಿಲ್, ವಿ ವಿಲ್ ನಾಟ್ ಪೇ’ ಅಂತ ನಮ್ಮಲ್ಲಿ ಎಲ್ಲರೂ ಬರೆಯುತ್ತಾರೆ. ಹೊಸ ಮ್ಯಾನೇಜರ್ ಇದು ತಪ್ಪು ಅನ್ನುತ್ತಾರೆ. ಎಲ್ಲಿ ತಪ್ಪಿದೆ?
– ಓದುಗರು, ಮದ್ದೂರು

ಉತ್ತರ: ಮ್ಯಾನೇಜರ್ ಹೇಳಿದ್ದು ಸರಿ. ಅರ್ಥವೇ ತಿರುಗುಮುರುಗಾಗಿದೆ. ಇದ್ದ ಹಾಗೆ ಓದಿದರೆ ‘ನೀವು ಬಿಲ್ ಕಳಿಸಿದರೆ ನಾವು ದುಡ್ಡು ಕೊಡಲ್ಲ’ ಅಂತ ಆಗುತ್ತದೆ! ದುಡ್ಡಿನ ವಿಷಯ ನೋಡಿ, ಹುಷಾರಾಗಿರಬೇಕು. ‘ಅನ್‌ಲೆಸ್ ಯು ಸೆಂಡ್ ದ ಬಿಲ್’ ಅಂದರೆ ಸಾಕು. ‘ಇಫ್’, ‘ನಾಟ್’ ಎರಡೂ ಆ ಒಂದು ಪದದೊಳಗೇ ಇವೆ.

ಇದರಲ್ಲಿ ನಿಮ್ಮವರನ್ನು ಬೈಯುವಂಥದ್ದು ಏನೂ ಇಲ್ಲ. ಅನ್‌ಲೆಸ್ ಅಂದರೆ ‘ಹೊರತು’ ಅಂತ ಸ್ಕೂಲಿನಲ್ಲಿ ಕಲಿತಿರುತ್ತೇವೆ, ಆದರೆ ನಮ್ಮ ಹೊರತು ಒಂಟಿಯಾಗಿ ಬರುವುದು ಕಡಿಮೆ, ‘ಕಳಿಸದ ಹೊರತು’, ‘ಬರದ ಹೊರತು’ ಅಂತ ಇಲ್ಲ ಅನ್ನುವ ಕ್ರಿಯಾಪದವನ್ನೇ ಜೊತೆಗೆ ಕರೆದುಕೊಂಡು ಬರುತ್ತದೆ. ಆ ‘ಕಳಿಸದ’ ಇಂಗ್ಲಿಷಿಗೆ ಹೋಗಿ ‘ಡೋಂಟ್ ಸೆಂಡ್’ ಆಗಿ ಕೂರುತ್ತದೆ. ಹಾಗಾಗಿ ಮಕ್ಕಳಿಗೆ ಹೊರತು ಅಂತ ಹೇಳಿಕೊಡುವ ಬದಲು ‘ಇಫ್ ನಾಟ್’ ಅಂತ ಹೇಳಿಕೊಡುವುದೇ ಒಳ್ಳೆಯದು.

ಇನ್ನೊಂದು ತಪ್ಪೂ ಜಾಸ್ತಿ ಕಾಣುತ್ತದೆ. ಮಟ್ಟ 124.80 ಅಡಿ ಮುಟ್ಟದ ಹೊರತು ಕನ್ನಂಬಾಡಿ ತುಂಬಿತು ಅಂತ ನಾವು ಹೇಳಲ್ಲ, ಅಲ್ವಾ? ಅದನ್ನು ಇಂಗ್ಲಿಷಿನಲ್ಲಿ ಹೇಳುವಾಗ ‘ಅನ್‌ಲೆಸ್ ದ ಲೆವೆಲ್ ರೀಚಸ್’ ಅನ್ನಬೇಕು. ಮುಂದೆ ಆಗುವುದಾದರೂ ‘ವಿಲ್ ರೀಚ್’ ಬೇಡ.

ಅಂದಹಾಗೆ, ಇದರಲ್ಲಿರುವ ‘ಅನ್’ ಅನ್‌ಹ್ಯಾಪಿಯ ಅನ್ ಅಲ್ಲ. ‘ಆನ್’ ಮತ್ತು ‘ಲೆಸ್’ ಅನ್ನುವ ಎರಡು ಪದ 15ನೇ ಶತಮಾನದ ಸುಮಾರಿಗೆ ಕೂಡಿಕೊಂಡು ಆದದ್ದು.

ಹಾಗಂತ ‘ಇಫ್ ನಾಟ್’ ಇರುವ ಕಡೆಯೆಲ್ಲ ಸುಮ್ನೆ ಅನ್‌ಲೆಸ್ ಹಾಕಬೇಡಿ. ಜಂಬೂಸವಾರಿ ದಿನ ಮಳೆ ಬರದಿದ್ದರೆ ಖುಷಿ ಅನ್ನುವುದಕ್ಕೆ ‘ಐ ವಿಲ್ ಬಿ ಹ್ಯಾಪಿ ಇಫ್ ಇಟ್ ಡಸಂಟ್ ರೈನ್’ ಅಂತಲೇ ಹೇಳಬೇಕು, ಯಾಕೆಂದರೆ ಇಲ್ಲಿ ಮಳೆ ಬರದೇ ಇರುವುದೇ ಖುಷಿಗೆ ಕಾರಣ. ಅನ್‌ಲೆಸ್ ಹಾಕಿದರೆ ಖುಷಿ ಮೊದಲೇ ಇತ್ತು, ಮಳೆ ಬಂದರೆ ಮಾತ್ರ ಕೆಡುತ್ತದೆ ಅನ್ನೋ ಹಾಗಾಗುತ್ತದೆ. ಆಗಿಹೋದದ್ದನ್ನು ‘ಹಾಗಾಗದಿದ್ದರೆ ಹೀಗಾಗುತ್ತಿತ್ತು’ ಅನ್ನುವಾಗಲೂ ಇಫ್ ಜೊತೆ ನಾಟ್ ಬಳಸಿ.