ಮೊದಲು ಹಿಂಬದಿ ತಿರುಗಿಸಿ ನೋಡಿ

ಕೈಯಲ್ಲಿ ಮಾಡಿದ ಕಾರ್ಪೆಟ್, ಗೋಡೆಗೆ ಹಾಕುವ ನೇಯ್ಗೆ, ಚಿತ್ರಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲ ಉತ್ತರ. ಒಂದೇ ವಿಷಯ ಕೇಳಿದ ಪತ್ರಗಳನ್ನು ಒಟ್ಟಿಗೆ ಸೇರಿಸಿದ್ದೇನೆ.

ಪ್ರಶ್ನೆ: ಮೂರು ವರ್ಷದ ಹಿಂದೆ ‘ಹ್ಯಾಂಡ್‌ಮೇಡ್’ ಅಂತ ಹೇಳಿ ಕೊಟ್ಟ ಉಣ್ಣೆಯ ಕಾರ್ಪೆಟ್ ತಂದೆವು. ಈಗ ಎತ್ತಿದರೆ ಸಾಕು, ಕೆಳಗೆ ನೆಲದ ಮೇಲೆ ಹಿಟ್ಟಿನಂಥ ಪುಡಿ. ಗುಡಿಸಿದರೆ ಮತ್ತೆ ಬರುತ್ತದೆ. ಹುಳ ಹಿಡಿದಿದೆಯಾ? ಇಲ್ಲ, ನಮಗೆ ಮೋಸ ಆಯಿತಾ?

ಉತ್ತರ: ಮೊದಲು ಒಂದು ಮೂಲೆ ಮಡಚಿ ಹಿಂಬದಿ ನೋಡಿ. ಅಲ್ಲಿ ಡಿಸೈನ್ ಏನೂ ಕಾಣದೆ ಸಾದಾ ಬಟ್ಟೆ ಅಂಟಿಸಿದ್ದರೆ ಅದು ಟಫ್ಟೆಡ್ ಕಾರ್ಪೆಟ್. ಬಿಗಿಯಾಗಿ ಎಳೆದು ಕಟ್ಟಿದ ಬಟ್ಟೆಗೆ ಗನ್ ಥರದ ಸಲಕರಣೆಯಿಂದ ನೂಲು ಚುಚ್ಚುತ್ತಾ ಹೋಗುತ್ತಾರೆ. ಆ ನೂಲಿಗೆ ಗಂಟು ಇರುವುದಿಲ್ಲ. ಅದು ಉದುರದ ಹಾಗೆ ಹಿಂದೆ ಲ್ಯಾಟೆಕ್ಸ್ ಅಂಟು ಬಳಿದು, ಮೇಲೆ ಇನ್ನೊಂದು ಬಟ್ಟೆ ಹಾಕಿ ಮುಚ್ಚುತ್ತಾರೆ. ಅಂಟು ವರ್ಷ ಕಳೆದಂತೆ ಒಣಗುತ್ತದೆ, ಬಿರುಕು ಬಿಡುತ್ತದೆ, ಕೊನೆಗೆ ಪುಡಿಯಾಗುತ್ತದೆ. ನಿಮ್ಮ ನೆಲದ ಮೇಲೆ ಬೀಳುತ್ತಿರುವುದು ಬಹುಶಃ ಅದೇ.

ನನಗೂ ಹೀಗೇ ಆಗಿದೆ. ಮನೆಗೆ ಮೊದಲ ಕಾರ್ಪೆಟ್ ತಂದಾಗ ಅಂಗಡಿಯವರು ‘ಪೂರ್ತಿ ಗಂಟಿನ ಕೆಲಸ’ ಅಂದರು. ನಾನು ಮೇಲ್ಗಡೆ ಸವರಿ ನೋಡಿ, ಮೆತ್ತಗಿದೆ ಅಂತ ದುಡ್ಡು ಕೊಟ್ಟು ಬಂದೆ. ಐದನೇ ವರ್ಷಕ್ಕೆ ಪುಡಿ ಶುರುವಾಯಿತು. ಹಿಂದಿನ ಬಟ್ಟೆಯನ್ನು ಅಂಚಿನಲ್ಲಿ ಬಿಚ್ಚಿದೆ. ಒಳಗೆ ಅಂಟು ಒಣಗಿದ ಕೆರೆಯ ಮಣ್ಣಿನ ಹಾಗೆ ಒಡೆದಿತ್ತು. ಒಂದು ಎಳೆ ಹಿಡಿದು ಎಳೆದರೆ ಸಲೀಸಾಗಿ ಕೈಗೆ ಬಂತು. ಆ ದಿನ ಆದ ಬೇಜಾರು ಇನ್ನೂ ನೆನಪಿದೆ, ಅದಕ್ಕೇ ಈ ಪ್ರಶ್ನೆಗೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಗಂಟಿನ ಕಾರ್ಪೆಟ್ ಬೇರೆಯೇ. ಮಗ್ಗದ ಮೇಲೆ ಹಾಸಿನ ದಾರಗಳನ್ನು, ಅಂದರೆ ಉದ್ದುದ್ದ ದಾರಗಳನ್ನು ಬಿಗಿದು, ಸಾಮಾನ್ಯವಾಗಿ ಎರಡೆರಡು ದಾರಕ್ಕೆ ಒಂದೊಂದು ಗಂಟು ಸುತ್ತಿ ಕತ್ತರಿಸುತ್ತಾರೆ. ಒಂದು ಸಾಲು ಮುಗಿದ ಮೇಲೆ ಹೊಕ್ಕಿನ ದಾರವನ್ನು ಅಡ್ಡಡ್ಡ ಹಾಯಿಸಿ, ಬಾಚಣಿಗೆಯಂಥ ಭಾರದ ಸಲಕರಣೆಯಿಂದ ಕುಟ್ಟಿ ಕೂರಿಸುತ್ತಾರೆ. ಇಂಥದ್ದರ ಹಿಂಬದಿಯಲ್ಲಿ ಮುಂದಿನ ಡಿಸೈನೇ ಕಾಣುತ್ತದೆ, ಎಷ್ಟೋ ಸಲ ಮುಂದಿಗಿಂತ ಸ್ಪಷ್ಟವಾಗಿ. ಬೆರಳಾಡಿಸಿ ನೋಡಿ, ಸಾಸಿವೆ ಕಾಳನ್ನು ಸಾಲಾಗಿ ಕೂರಿಸಿದ ಹಾಗೆ ತಗಲುತ್ತದೆ. ಸಾಲು ಒಂದಿಷ್ಟು ಅಂಕುಡೊಂಕು ಇರುತ್ತದೆ. ಕುಚ್ಚನ್ನೂ ನೋಡಿ. ಗಂಟಿನ ಕಾರ್ಪೆಟ್‌ನಲ್ಲಿ ಕುಚ್ಚು ಅಂದರೆ ಹಾಸಿನ ದಾರದ ತುದಿಯೇ, ಒಳಗಿಂದಲೇ ಬಂದಿರುತ್ತದೆ. ಟಫ್ಟೆಡ್‌ನಲ್ಲಿ ಆಮೇಲೆ ಹೊಲಿದು ಸೇರಿಸಿರುತ್ತಾರೆ.

6 ಅಡಿಗೆ 9 ಅಡಿಯ ಕಾರ್ಪೆಟ್‌ನಲ್ಲಿ ಚದರ ಇಂಚಿಗೆ 100 ಗಂಟು ಇದ್ದರೆ ಒಟ್ಟು 7,77,600 ಗಂಟು ಆಗುತ್ತದೆ. ಒಬ್ಬರೇ ಕೂತು ದಿನಕ್ಕೆ 6,000 ಗಂಟು ಹಾಕಿದರೂ ಹತ್ತಿರ ಹತ್ತಿರ 130 ದಿನ. ಗಂಟಿನ ಕೆಲಸಕ್ಕೆ ಬೆಲೆ ಜಾಸ್ತಿ ಇರುವುದು ಇದಕ್ಕೇ. ಬಾಳಿಕೆಯ ಮಾತಿಗೆ ಬಂದರೆ, 1949ರಲ್ಲಿ ಸೈಬೀರಿಯಾದ ಅಲ್ಟಾಯ್ ಬೆಟ್ಟಗಳ ಪಝಿರಿಕ್ ಎಂಬಲ್ಲಿ ಹಿಮಗಟ್ಟಿದ ಗೋರಿಯೊಳಗೆ ಗಂಟಿನ ಕಾರ್ಪೆಟ್ ಒಂದು ಸಿಕ್ಕಿತು. ವಯಸ್ಸು 2,000 ವರ್ಷಕ್ಕೂ ಮೇಲೆ. ಅದನ್ನು ಉಳಿಸಿದ್ದು ಹಿಮ, ನಿಜ. ಆದರೆ ಅದರಲ್ಲಿ ನೂಲನ್ನು ಹಿಡಿದಿಟ್ಟದ್ದು ಬರೀ ಗಂಟು, ಅಂಟಲ್ಲ.

ಮೋಸದ ಪ್ರಶ್ನೆಗೆ ಬರೋಣ. ಟಫ್ಟೆಡ್ ಕೂಡ ಕೈಕೆಲಸವೇ, ಹಾಗಾಗಿ ‘ಹ್ಯಾಂಡ್‌ಮೇಡ್’ ಅಂದದ್ದು ಸುಳ್ಳಲ್ಲ. ‘ಹ್ಯಾಂಡ್ ನಾಟೆಡ್’, ಅಂದರೆ ಕೈಗಂಟಿನ ಕೆಲಸ ಅಂತ ಹೇಳಿ ಕೊಟ್ಟಿದ್ದರೆ ಮಾತ್ರ ಮೋಸ, ಬಿಲ್ಲಿನಲ್ಲಿ ಹಾಗೆ ಬರೆದಿದ್ದರೆ ಹೋಗಿ ಕೇಳಿ. ಕಾರ್ಪೆಟ್ ಅನ್ನು ಈಗಲೇ ಎಸೆಯಬೇಡಿ. ಅಡಿಗೆ ಒಳ್ಳೆಯ ರಗ್ ಪ್ಯಾಡ್ ಹಾಕಿ, ಮಡಚಬೇಡಿ, ಎತ್ತಿ ಬಡಿಯಬೇಡಿ. ಇನ್ನಷ್ಟು ವರ್ಷ ಬರುತ್ತದೆ.

ಪ್ರಶ್ನೆ: ಹೊಸ ಉಣ್ಣೆ ಕಾರ್ಪೆಟ್‌ನಲ್ಲಿ ಒಂದೇ ನೀಲಿ ಒಂದು ಕಡೆ ಗಾಢ, ಪಕ್ಕದಲ್ಲೇ ಪಟ್ಟೆಯಾಗಿ ತಿಳಿ. ವಾಪಸ್ ಕೊಡಲಾ?

ಉತ್ತರ: ಕೊಡಬೇಡಿ. ಕೈಯಲ್ಲಿ ನೂತ ನೂಲು ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ, ಬಣ್ಣವನ್ನೂ ಒಂದೇ ಸಮ ಹೀರುವುದಿಲ್ಲ. ಮೇಲಾಗಿ ಸಣ್ಣ ಸಣ್ಣ ಪಾತ್ರೆಯಲ್ಲಿ ಬಣ್ಣ ಹಾಕಿದಾಗ ಒಂದು ಪಾತ್ರೆಯ ನೀಲಿ ಇನ್ನೊಂದರ ಹಾಗೆ ಬರುವುದಿಲ್ಲ. ನೇಯುತ್ತಾ ಒಂದು ಉಂಡೆ ಮುಗಿದು ಇನ್ನೊಂದು ಶುರುವಾದ ಜಾಗದಲ್ಲಿ ಈ ಪಟ್ಟೆ ಕಾಣುತ್ತದೆ. ಕಾರ್ಪೆಟ್ ಮಂದಿ ಇದನ್ನು ಅಬ್ರಾಶ್ ಅನ್ನುತ್ತಾರೆ. ನನಗಂತೂ ಇದೇ ಇಷ್ಟ, ನೀಲಿ ಉಸಿರಾಡಿದ ಹಾಗೆ ಇರುತ್ತದೆ. ಒಂದು ಮಾತ್ರ ಪರೀಕ್ಷೆ ಮಾಡಿ. ತಿಳಿ ಇರುವ ಕಡೆ ನೂಲನ್ನು ಬೆರಳಲ್ಲಿ ಬಿಡಿಸಿ ಬುಡ ನೋಡಿ. ಬುಡದಿಂದ ತುದಿವರೆಗೆ ಒಂದೇ ಬಣ್ಣ ಇದ್ದರೆ ಅಬ್ರಾಶ್. ಬುಡ ಗಾಢವಾಗಿದ್ದು ತುದಿ ಮಾತ್ರ ಮಂಕಾಗಿದ್ದರೆ ಬಿಸಿಲಿಗೆ ಬಣ್ಣ ಹೋಗಿದೆ ಅಂತ ಅರ್ಥ. ಹೊಸದರಲ್ಲಿ ಹಾಗಿದ್ದರೆ ವಾಪಸ್ ಕೊಡಿ.

ಪ್ರಶ್ನೆ: ಅಜ್ಜಿ ನೇಯ್ದ ಪುಟ್ಟ ಕಾರ್ಪೆಟ್ ಇದೆ. ನೆಲಕ್ಕೆ ಹಾಕಲು ಮನಸ್ಸಿಲ್ಲ, ಗೋಡೆಗೆ ಹಾಕಬೇಕು. ನಾಲ್ಕು ಮೂಲೆಗೆ ಮೊಳೆ ಹೊಡೆದರೆ ಆಗುತ್ತಾ?

ಉತ್ತರ: ದಯವಿಟ್ಟು ಬೇಡ. ಮೊಳೆ ಹೊಡೆದರೆ ಪೂರ್ತಿ ಭಾರ ಆ ನಾಲ್ಕು ತೂತಿನ ಮೇಲೆ ಬೀಳುತ್ತದೆ, ಕಾಲಕ್ರಮೇಣ ನೇಯ್ಗೆ ಅಲ್ಲೇ ಹರಿಯುತ್ತದೆ. ಭಾರ ಮೇಲಿನ ಅಂಚಿನ ಉದ್ದಕ್ಕೂ ಹಂಚಿಹೋಗಬೇಕು. ಮ್ಯೂಸಿಯಂಗಳಲ್ಲಿ ಮಾಡುವ ಕ್ರಮವನ್ನು ಮನೆಯಲ್ಲೂ ಮಾಡಬಹುದು.

ಕಾರ್ಪೆಟ್‌ನ ಅಗಲಕ್ಕಿಂತ ಸ್ವಲ್ಪ ಕಮ್ಮಿ ಉದ್ದದ ಗಟ್ಟಿ ಹತ್ತಿ ಪಟ್ಟಿ ತಗೊಳ್ಳಿ. ವೆಲ್ಕ್ರೋದ ಮೆತ್ತನೆ ಭಾಗವನ್ನು ಆ ಪಟ್ಟಿಗೆ ಮಿಷನ್ನಿನಲ್ಲಿ ಹೊಲಿಯಿರಿ. ಆಮೇಲೆ ಪಟ್ಟಿಯನ್ನು ಕಾರ್ಪೆಟ್‌ನ ಹಿಂಬದಿಗೆ, ಮೇಲಂಚಿನ ಉದ್ದಕ್ಕೂ, ಕೈಯಲ್ಲೇ ಹೊಲಿಯಬೇಕು. ಇಲ್ಲಿ ಅವಸರ ಬೇಡ. ಸೂಜಿ ದಾರವನ್ನು ಸೀಳಬಾರದು, ದಾರ ದಾರದ ಮಧ್ಯೆ ನುಗ್ಗಬೇಕು, ಒಂದೊಂದು ಹೊಲಿಗೆಯೂ ಎರಡು ಮೂರು ಹಾಸಿನ ದಾರವನ್ನು ಬಳಸಿ ಬರಬೇಕು. ಮೊಂಡು ತುದಿಯ ಸೂಜಿ ಇದ್ದರೆ ಒಳ್ಳೆಯದು. ವೆಲ್ಕ್ರೋದ ಒರಟು ಭಾಗವನ್ನು ಒಂದು ಮರದ ರೀಪಿಗೆ ಸ್ಟೇಪಲ್ ಮಾಡಿ, ರೀಪನ್ನು ರಾಲ್ ಪ್ಲಗ್ ಹಾಕಿ ಗೋಡೆಗೆ ಸ್ಕ್ರೂ ಮಾಡಿ. ಮರಕ್ಕೆ ಮೊದಲೇ ಪೇಂಟ್ ಹಚ್ಚಿ ಚೆನ್ನಾಗಿ ಒಣಗಿಸಿರಬೇಕು, ಇಲ್ಲದಿದ್ದರೆ ಮರದ ಆಮ್ಲ ನೂಲಿಗೆ ತಾಗುತ್ತದೆ. ಹಾಸಿನ ದಾರ ಮೇಲಿಂದ ಕೆಳಕ್ಕೆ ಬರುವ ಹಾಗೆ, ಅಂದರೆ ಕುಚ್ಚಿನ ಬದಿ ಮೇಲೆ ಬರುವ ಹಾಗೆ ಹಾಕಿದರೆ ಜೋಲು ಬೀಳುವುದು ಕಮ್ಮಿ. ತೇವ ಹೀರುವ ಗೋಡೆ ಬೇಡವೇ ಬೇಡ.

ಬಿಸಿಲು ಬೀಳುವ ಗೋಡೆಯೂ ಬೇಡ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಅರ್ದಬಿಲ್ ಕಾರ್ಪೆಟ್ ಇದೆ. ಇರಾನಿನದು, ನೇಯ್ದ ವರ್ಷ ಅದರಲ್ಲೇ ನಮೂದಾಗಿದೆ, ನಮ್ಮ ಲೆಕ್ಕದಲ್ಲಿ 1539–40. ಬಣ್ಣ ಉಳಿಯಲಿ ಅಂತ ಅದಕ್ಕೆ ಅರ್ಧ ಗಂಟೆಗೊಮ್ಮೆ 10 ನಿಮಿಷ ಮಾತ್ರ ಲೈಟ್ ಹಾಕುತ್ತಾರೆ. ಹಾಗಿರುವಾಗ ಅಜ್ಜಿಯ ಕೆಲಸವನ್ನು ಕಿಟಕಿ ಎದುರು ಹಾಕುವುದು ಬೇಡ, ಅಲ್ವಾ? ಹೋದ ಬಣ್ಣ ವಾಪಸ್ ಬರುವುದಿಲ್ಲ.

ಪ್ರಶ್ನೆ: ಸೋಫಾ ಮೇಲಿನ ಗೋಡೆಗೆ ಕೈಯಲ್ಲಿ ಬರೆದ ಚಿತ್ರ ಹಾಕಿದ್ದೇವೆ. ಚಿತ್ರ ಚೆನ್ನಾಗಿದೆ, ಆದರೆ ಎಲ್ಲೋ ತೇಲಾಡುತ್ತಿರುವ ಹಾಗೆ ಕಾಣುತ್ತದೆ. ಯಾಕೆ?

ಉತ್ತರ: ಜಾಸ್ತಿ ಎತ್ತರಕ್ಕೆ ಹಾಕಿದ್ದೀರಿ ಅನ್ನಿಸುತ್ತದೆ. ಖಾಲಿ ಗೋಡೆಯಾದರೆ ಚಿತ್ರದ ನಡುಭಾಗ ನೆಲದಿಂದ ಸುಮಾರು 57 ಇಂಚು, ಅಂದರೆ 145 ಸೆಂ.ಮೀ. ಇರಲಿ, ನಿಂತವರ ಕಣ್ಣಿಗೆ ಸರಿಹೋಗುತ್ತದೆ. ಸೋಫಾ ಮೇಲಾದರೆ ಸೋಫಾದ ಬೆನ್ನಿಗೂ ಚಿತ್ರದ ಕೆಳಗಿನ ಅಂಚಿಗೂ ಒಂದು ಗೇಣಿಗಿಂತ ಜಾಸ್ತಿ ಅಂತರ ಬೇಡ. ಅಗಲ ಸೋಫಾದ ಮೂರರಲ್ಲಿ ಎರಡು ಪಾಲಿನಷ್ಟು ಇದ್ದರೆ ಚೆಂದ. ಚಿತ್ರ ಚಿಕ್ಕದಾಗಿದ್ದರೆ ಪಕ್ಕದಲ್ಲಿ ಇನ್ನೆರಡು ಸೇರಿಸಿ ಒಂದೇ ಗುಂಪು ಮಾಡಿ. ಮೊಳೆ ಹೊಡೆಯುವ ಮುಂಚೆ ಅದೇ ಅಳತೆಯ ಹಳೇ ಪೇಪರ್ ಕತ್ತರಿಸಿ ಗೋಡೆಗೆ ಟೇಪ್ ಹಚ್ಚಿ, ಎರಡು ದಿನ ಓಡಾಡುತ್ತಾ ನೋಡಿ. ಕಾಗದದ ಮೇಲಿನ ಚಿತ್ರಕ್ಕೆ ಕಟ್ಟು ಹಾಕಿಸುವಾಗ ಆಮ್ಲ ಇಲ್ಲದ ಮೌಂಟ್ ಕೇಳಿ, ಗಾಜು ಚಿತ್ರಕ್ಕೆ ತಾಗದಿರಲಿ.

ಪ್ರಶ್ನೆ: ಸೋಫಾ ಸರಿಸಿದಾಗ ಕೆಳಗಿದ್ದ ಉಣ್ಣೆ ಕಾರ್ಪೆಟ್ ಅಲ್ಲಲ್ಲಿ ಬೋಳಾಗಿತ್ತು. ಮರಳಿನಂಥ ಕಾಳೂ ಇತ್ತು. ಇದೂ ಅಂಟಿನ ಪುಡಿಯಾ?

ಉತ್ತರ: ಅಲ್ಲ, ಇದು ನುಸಿ. ಹಾರುವ ಹುಳು ಏನೂ ತಿನ್ನುವುದಿಲ್ಲ, ಅದರ ಮರಿಹುಳು ಉಣ್ಣೆ ತಿನ್ನುತ್ತದೆ. ಕಾಳು ಕಾಳಾಗಿ ಬಿದ್ದಿರುವುದು ಅದರ ಹಿಕ್ಕೆ. ಕತ್ತಲು, ಯಾರೂ ಮುಟ್ಟದ ಜಾಗ ಅದಕ್ಕೆ ಬೇಕು, ಸೋಫಾ ಅಡಿ ಅಂಥದ್ದೇ. ಕಾರ್ಪೆಟ್ ಹೊರಗೆ ಒಯ್ದು ಎರಡೂ ಬದಿ ನಿಧಾನವಾಗಿ ವ್ಯಾಕ್ಯೂಮ್ ಮಾಡಿ, ತಿರುಗುವ ಬ್ರಷ್ ಇಲ್ಲದ ಕೊಳವೆಯಿಂದ. ಕುಚ್ಚಿನ ಮೇಲೆ ಓಡಿಸಬೇಡಿ, ಕಿತ್ತುಬರುತ್ತದೆ. ನೆಲದ ಸಂದುಗೊಂದು, ಸೋಫಾದ ಅಡಿಯೂ ಸ್ವಚ್ಛ ಆಗಬೇಕು, ಇಲ್ಲದಿದ್ದರೆ ಸುಮ್ನೆ ಶ್ರಮ. ಚಿಕ್ಕದಾಗಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ನೂಲಿನ ಮೇಲೆ ನೀರು ಕೂರುತ್ತದೆ. ದೊಡ್ಡದಾದರೆ ಕಾರ್ಪೆಟ್ ತೊಳೆಯುವುದನ್ನೇ ಕಸುಬಾಗಿ ಮಾಡುವವರಿಗೆ ಕೊಡಿ. ಆರು ತಿಂಗಳಿಗೊಮ್ಮೆ ಕಾರ್ಪೆಟ್ ತಿರುಗಿಸಿ ಹಾಕುವ ಅಭ್ಯಾಸ ಇಟ್ಟುಕೊಳ್ಳಿ. ಸವೆತವೂ ಸಮ ಆಗುತ್ತದೆ, ನುಸಿಗೂ ನೆಮ್ಮದಿ ಸಿಗುವುದಿಲ್ಲ.

ಪ್ರಶ್ನೆ: ಕಾರ್ಪೆಟ್ ನೇಯಲು ಮಕ್ಕಳನ್ನು ದುಡಿಸುತ್ತಾರೆ ಅಂತ ಓದಿದ ಮೇಲೆ ಕೊಳ್ಳಲು ಕೈ ಬರುತ್ತಿಲ್ಲ. ನಾವು ಏನು ನೋಡಬೇಕು?

ಉತ್ತರ: ಕೇಳಿದ್ದು ಬಹಳ ಒಳ್ಳೆಯದಾಯಿತು. ಇದೇ ಕಾರಣಕ್ಕೆ ಕೈಲಾಶ್ ಸತ್ಯಾರ್ಥಿ ಅವರ ಪ್ರಯತ್ನದಿಂದ 1994ರಲ್ಲಿ, ಮಕ್ಕಳನ್ನು ದುಡಿಸದೆ ನೇಯ್ದ ಕಾರ್ಪೆಟ್‌ಗೆ ಲೇಬಲ್ ಕೊಡುವ ರಗ್‌ಮಾರ್ಕ್ ಸಂಸ್ಥೆ ಶುರುವಾಯಿತು, ಈಗ ಅದರ ಹೆಸರು ಗುಡ್‌ವೀವ್. ಅದರ ಲೇಬಲ್ ಕಾರ್ಪೆಟ್‌ನ ಹಿಂಬದಿಯಲ್ಲಿರುತ್ತದೆ, ಒಂದೊಂದಕ್ಕೂ ಬೇರೆ ನಂಬರ್. ಮಗ್ಗಗಳಿಗೆ ಹೇಳದೆ ಹೋಗಿ ತಪಾಸಣೆ ಮಾಡುವುದು ಅವರ ಕ್ರಮ. ಕೊಳ್ಳುವುದನ್ನೇ ಬಿಟ್ಟರೆ ನಿಯತ್ತಾಗಿ ನೇಯುವ ದೊಡ್ಡವರ ಕೂಲಿಯೂ ಹೋಗುತ್ತದೆ, ಹಾಗಾಗಿ ಬಿಡಬೇಡಿ. ಲೇಬಲ್ ಇಲ್ಲದ ಕಡೆ ಯಾರು ನೇಯ್ದದ್ದು, ಯಾವ ಊರಿನ ಮಗ್ಗ, ಎಷ್ಟು ದಿನ ಹಿಡಿಯಿತು ಅಂತ ನೇರವಾಗಿ ಕೇಳಿ. ನೇಕಾರರನ್ನು ಬಲ್ಲ ಅಂಗಡಿಯವರು ಕೂರಿಸಿಕೊಂಡು ಹೇಳುತ್ತಾರೆ. ಮಾತು ತಿರುಗಿಸಿದರೆ ಎದ್ದು ಬನ್ನಿ.