ಕ್ವೇಸಾರ್ ಅಲುಗಾಡಿದರೆ ಅಳೆಯುವುದು ಯಾವುದರಿಂದ?

ಪ್ರಿಯ ಓದುಗರೇ,

ನಿಮ್ಮ ಕಾಗದ ತಲುಪಿತು. ದೂರದ ಕ್ವೇಸಾರ್‌ಗಳನ್ನು (ಅಂದರೆ ಬಲು ದೂರದ ಗೆಲಾಕ್ಸಿಗಳ ನಟ್ಟನಡುವೆ ಜೋರಾಗಿ ಹೊಳೆಯುವ ಬಿಂದುಗಳನ್ನು) ಖಗೋಳಜ್ಞರು ಆಕಾಶದ ಸ್ಥಿರ ಗುರುತುಗಳಾಗಿ ಬಳಸುತ್ತಾರೆ ಎಂದು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆವು. ಭೂಮಾಪಕರಾಗಿದ್ದು ನಿವೃತ್ತರಾದ ನೀವು ಅದನ್ನು ಓದಿ ಹೀಗೆ ಕೇಳಿದ್ದೀರಿ: "ಗಡಿಕಲ್ಲು ಸರಿದಿದೆ ಅಂತ ಅನುಮಾನ ಬಂದರೆ ನಾವು ಅಕ್ಕಪಕ್ಕದ ಕಲ್ಲುಗಳಿಂದ ಅಳೆದು ಹೇಳುತ್ತಿದ್ದೆವು. ಆಕಾಶದಲ್ಲಿ ಕ್ವೇಸಾರೇ ಕೊನೆಯ ಕಲ್ಲು ಅಂತೀರಿ. ಅದು ಸರಿದಿಲ್ಲ ಅನ್ನೋದನ್ನ ಯಾವುದರಿಂದ ಅಳೆದರು?"

ಪ್ರಶ್ನೆ ತುಂಬಾ ಹಿಡಿಸಿತು. ಈ ಕೆಲಸದ ಬೇರಿಗೇ ಕೈ ಹಾಕಿದ್ದೀರಿ. ಅದಕ್ಕೇ ಉತ್ತರ ಸ್ವಲ್ಪ ಉದ್ದವಾಗಿದೆ.

ಮೊದಲು ಕ್ವೇಸಾರೇ ಯಾಕೆ ಅನ್ನೋದು. ನಾವು ಸ್ಥಿರ ಎಂದು ನಂಬಿದ ಧ್ರುವ ನಕ್ಷತ್ರವೂ ವರ್ಷಕ್ಕೆ ಸುಮಾರು 46,000 ಮೈಕ್ರೋ ಆರ್ಕ್‌ಸೆಕೆಂಡ್ ಸರಿಯುತ್ತದೆ. ಒಂದು ಡಿಗ್ರಿಯ 3600ರಲ್ಲಿ ಒಂದು ಪಾಲು ಆರ್ಕ್‌ಸೆಕೆಂಡ್, ಅದರ ಹತ್ತು ಲಕ್ಷದ ಒಂದು ಪಾಲು ಮೈಕ್ರೋ ಆರ್ಕ್‌ಸೆಕೆಂಡ್. 1997ರವರೆಗೂ ಆಕಾಶದಲ್ಲಿ ಯಾವುದು ಎಲ್ಲಿದೆ ಎಂದು ಗುರುತಿಸುವ ಅಧಿಕೃತ ಚೌಕಟ್ಟು ನಿಂತಿದ್ದು ಎಫ್‌ಕೆ5 ಎಂಬ ಪಟ್ಟಿಯ 1535 ನಕ್ಷತ್ರಗಳ ಮೇಲೆ. ಅವೆಲ್ಲವೂ ಓಡಾಡುವಂಥವೇ. ಕ್ವೇಸಾರ್‌ಗಳ ಮಾತು ಬೇರೆ. 3ಸಿ 273 ಎಂಬ ಕ್ವೇಸಾರ್ ಸುಮಾರು 240 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ಅದು ಸೆಕೆಂಡಿಗೆ 1000 ಕಿಲೋಮೀಟರ್ ವೇಗದಲ್ಲಿ ಪಕ್ಕಕ್ಕೆ ಓಡಿದರೂ ನಮಗೆ ವರ್ಷಕ್ಕೆ ಒಂದು ಮೈಕ್ರೋ ಆರ್ಕ್‌ಸೆಕೆಂಡಿನ ಮೂರನೇ ಒಂದು ಭಾಗದಷ್ಟೂ ಕಾಣಿಸುವುದಿಲ್ಲ. ಹಾಗಾಗಿ 1998ರ ಜನವರಿ 1ರಿಂದ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟ ನಕ್ಷತ್ರಗಳನ್ನು ಬಿಟ್ಟು ರೇಡಿಯೋ ಮೂಲಗಳ, ಅಂದರೆ ರೇಡಿಯೋ ಅಲೆ ಸೂಸುವ ಕ್ವೇಸಾರ್‌ನಂಥ ಕಾಯಗಳ ಚೌಕಟ್ಟಿಗೆ ಬಂತು. ಅದರಲ್ಲಿ 608 ಮೂಲಗಳಿದ್ದವು. ಚೌಕಟ್ಟನ್ನು ಹಿಡಿದು ನಿಲ್ಲಿಸುವ ಹೊಣೆ 212ರ ಮೇಲಿತ್ತು.

ಆದರೂ ನಿಮ್ಮ ಅನುಮಾನ ಸರಿಯೇ. ಕ್ವೇಸಾರ್ ಸರಿಯದಿದ್ದರೂ ನಮಗೆ ಕಾಣುವ ಅದರ ಬೆಳಕಿನ ಬಿಂದು ಸರಿಯುತ್ತದೆ. ನಡುವೆ ದೈತ್ಯ ಕಪ್ಪುಕುಳಿ ಇರುತ್ತದೆ, ಆದರೆ ರೇಡಿಯೋದಲ್ಲಿ ನಮಗೆ ಕಾಣುವುದು ಅದಲ್ಲ, ಅಲ್ಲಿಂದ ಚಿಮ್ಮುವ ಬಿಸಿ ವಸ್ತುವಿನ ಧಾರೆಯ (ಜೆಟ್) ಬುಡ. ಧಾರೆಯಲ್ಲಿ ಹೊಸದೊಂದು ಉಂಡೆ ಹೊಮ್ಮಿತು ಅಂದುಕೊಳ್ಳಿ. ಅದು ಹೊಳೆಯುತ್ತಾ ಹೊರಗೆ ಸಾಗುತ್ತದೆ, ಒಟ್ಟು ಹೊಳಪಿನ ನಡುಬಿಂದುವನ್ನೂ ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ. ಯಾವ ತರಂಗಾಂತರದಲ್ಲಿ ನೋಡುತ್ತೀರಿ ಅನ್ನುವುದರ ಮೇಲೂ ಧಾರೆಯ ಬುಡ ಕಾಣುವ ಜಾಗ ಬದಲಾಗುತ್ತದೆ.

ಇದಕ್ಕೆ 4ಸಿ 39.25 ಒಳ್ಳೆಯ ಉದಾಹರಣೆ. ಜೋರಾಗಿ ಹೊಳೆಯುವ, ಉತ್ತರದ ದೂರದರ್ಶಕಗಳಿಗೆ ಸಲೀಸಾಗಿ ಸಿಗುವ ಮೂಲ ಇದು. ಅದಕ್ಕೇ ಭೂಮಿಯನ್ನು ಅಳೆಯುವವರು ಇದನ್ನು ಮತ್ತೆ ಮತ್ತೆ ನೋಡಿದರು. ಸೂಕ್ಷ್ಮವಾದ ಚಿತ್ರ ತೆಗೆದಾಗ ಅದರಲ್ಲಿ ನಿಂತಲ್ಲೇ ನಿಂತ ಎರಡು ಭಾಗಗಳೂ ಅವುಗಳ ನಡುವೆ ಸಾಗುತ್ತಿರುವ ಮೂರನೆಯದೂ ಕಂಡವು. ಆ ಮೂರನೆಯದು ಸಾಗಿದಂತೆ ಪಟ್ಟಿಯಲ್ಲಿದ್ದ ಸ್ಥಾನವೂ ಜರುಗಿತು. ಹಾಗಾಗಿ ಎಷ್ಟೇ ಪರಿಚಿತವಾಗಿದ್ದರೂ ಅದು 212ರ ಸಾಲಿಗೆ ಸೇರಲಿಲ್ಲ.

ಇಷ್ಟು ಸಣ್ಣ ಸರಿದಾಟ ತಿಳಿಯುವುದು ಹೇಗೆ? ಸಾವಿರಾರು ಕಿಲೋಮೀಟರ್ ದೂರವಿರುವ ದೊಡ್ಡ ಆಂಟೆನಾಗಳನ್ನು ಒಂದೇ ಕ್ವೇಸಾರ್ ಕಡೆ ತಿರುಗಿಸುತ್ತಾರೆ. ಪ್ರತಿ ಜಾಗದಲ್ಲೂ ಹೈಡ್ರೋಜನ್ ಮೇಸರ್ ಎಂಬ ಅತಿ ನಿಖರವಾದ ಪರಮಾಣು ಗಡಿಯಾರ ಇರುತ್ತದೆ. ಅಲೆ ಒಂದು ಆಂಟೆನಾಗೆ ಮುಟ್ಟಿದ್ದಕ್ಕೂ ಇನ್ನೊಂದಕ್ಕೆ ಮುಟ್ಟಿದ್ದಕ್ಕೂ ಇರುವ ಅಂತರವನ್ನು ಪಿಕೋಸೆಕೆಂಡ್‌ಗಳ ಲೆಕ್ಕದಲ್ಲಿ ತೆಗೆಯುತ್ತಾರೆ. ಪಿಕೋಸೆಕೆಂಡ್ ಅಂದರೆ ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲು. ಸಾಮಾನ್ಯವಾಗಿ 24 ಗಂಟೆ ಒಂದಾದ ಮೇಲೊಂದು ಮೂಲವನ್ನು ನೋಡುತ್ತಾ ಹೋಗುತ್ತಾರೆ. ಈ ವಿಧಾನಕ್ಕೆ ವಿಎಲ್‌ಬಿಐ ಎಂದು ಹೆಸರು. ಹೀಗೆ ವರ್ಷಗಟ್ಟಲೆ ನೋಡಿದರೆ ಪ್ರತಿ ಮೂಲಕ್ಕೂ ಸ್ಥಾನಗಳ ಒಂದು ಉದ್ದನೆಯ ಸಾಲು ಸಿಗುತ್ತದೆ.

ಆ ಸಾಲನ್ನು ಪರೀಕ್ಷಿಸುವ ಕ್ರಮ ನನಗೆ ಬಹಳ ಇಷ್ಟ. 1966ರಲ್ಲಿ ಭೌತವಿಜ್ಞಾನಿ ಡೇವಿಡ್ ಆಲನ್ ಪರಮಾಣು ಗಡಿಯಾರಗಳನ್ನು ಪರೀಕ್ಷಿಸಲು ಕೊಟ್ಟ ಲೆಕ್ಕವನ್ನೇ ಕ್ವೇಸಾರ್‌ಗಳಿಗೂ ಹಚ್ಚುತ್ತಾರೆ. 2003ರಲ್ಲಿ ಫ್ರಾನ್ಸಿನ ಖಗೋಳಜ್ಞೆ ಮಾರ್ಟಿನ್ ಫೈಸೆಲ್ ವರ್ನಿಯೆ ಸ್ಥಿರ ಮೂಲಗಳನ್ನು ಆರಿಸಿದ್ದು ಹೀಗೆ. ಒಂದು ವರ್ಷದ ಸರಾಸರಿ ಸ್ಥಾನಕ್ಕೂ ಮುಂದಿನ ವರ್ಷದ್ದಕ್ಕೂ ಎಷ್ಟು ವ್ಯತ್ಯಾಸ ಅಂತ ನೋಡುವುದು. ಆಮೇಲೆ ಎರಡೆರಡು ವರ್ಷದ ಸರಾಸರಿ, ನಾಲ್ಕು ನಾಲ್ಕು ವರ್ಷದ ಸರಾಸರಿ. ಬರೀ ಅಳತೆಯ ತಪ್ಪುಗಳೇ ಆಗಿದ್ದರೆ ಅವಧಿ ಜಾಸ್ತಿಯಾದಂತೆ ವ್ಯತ್ಯಾಸ ಕುಗ್ಗಬೇಕು. ಕುಗ್ಗದೆ ಅಷ್ಟೇ ಉಳಿದರೆ ಅನುಮಾನ ಪಡಬೇಕು. ಬೆಳೆಯುತ್ತಾ ಹೋದರೆ ಆ ಮೂಲ ನಿಜವಾಗಿಯೂ ಅಲೆಯುತ್ತಿದೆ. ಎಷ್ಟು ಸಾವಿರ ಸಲ ನೋಡಿದರೂ ಅಂಥದ್ದರ ಸ್ಥಾನ ಪಕ್ಕಾ ಆಗುವುದಿಲ್ಲ.

ಈಗ ನಿಮ್ಮ ಪ್ರಶ್ನೆಗೆ ನೇರವಾಗಿ ಬರುತ್ತೇನೆ. ನೀವು ಮೋಜಣಿಯಲ್ಲಿ ಮಾಡಿದ್ದನ್ನೇ ಅವರೂ ಮಾಡುತ್ತಾರೆ. ಎರಡು ಕ್ವೇಸಾರ್‌ಗಳ ನಡುವಿನ ಕೋನ ಅಳೆಯಲು ಹೊರಗಿನ ಯಾವ ಗುರುತೂ ಬೇಕಿಲ್ಲ. ಈಗಿನ ಚೌಕಟ್ಟನ್ನು ಹಿಡಿದಿರುವ ಮೂಲಗಳು 303. ಅಂದರೆ 45,753 ಜೋಡಿ ಕೋನಗಳು. ಒಂದು ಮೂಲ ಸರಿದರೆ ಉಳಿದ 302ರ ಜೊತೆ ಅದರ ಲೆಕ್ಕ ಕೆಡುತ್ತದೆ, ಅವುಗಳೊಳಗಿನ ಲೆಕ್ಕ ಹಾಗೇ ಇರುತ್ತದೆ. ತಪ್ಪು ಯಾರದ್ದು ಅಂತ ಗೊತ್ತಾಗಲು ಅಷ್ಟು ಸಾಕು, ಅಲ್ವಾ?

ಎಲ್ಲವೂ ಒಟ್ಟಿಗೆ ಒಂದೇ ಕಡೆ ಸುತ್ತಿದರೆ? ಆಗ ಕೋನಗಳು ಬದಲಾಗುವುದಿಲ್ಲ, ಅಳೆದು ಹೇಳಲು ಆಗುವುದಿಲ್ಲ. ಅಲ್ಲಿ ಖಗೋಳಜ್ಞರು ಒಂದು ಒಪ್ಪಂದ ಮಾಡಿಕೊಂಡಿದ್ದಾರೆ: ಈ ಮೂಲಗಳೆಲ್ಲದರ ಒಟ್ಟು ಸುತ್ತುವಿಕೆ ಸೊನ್ನೆ. ಇದು ಸುಮ್ನೆ ಹಾಕಿಕೊಂಡ ಊಹೆಯಲ್ಲ. ನೂರಾರು ಕೋಟಿ ಜ್ಯೋತಿರ್ವರ್ಷ ದೂರದಲ್ಲಿ, ದಿಕ್ಕಿಗೊಂದರಂತೆ ಇರುವ ಮೂಲಗಳು ನಮ್ಮ ಸುತ್ತ ಒಂದೇ ಹದದಲ್ಲಿ ತಿರುಗಲು ಕಾರಣವೇ ಇಲ್ಲ.

ಒಂದು ಕಾಲದಲ್ಲಿ ರೇಡಿಯೋ ಪಟ್ಟಿಗಳ ಶುರುವಿನ ಗೆರೆಯನ್ನು 3ಸಿ 273 ಒಂದಕ್ಕೇ ಕಟ್ಟಿದ್ದರು. ಆದರೆ ಚೌಕಟ್ಟಿನ ಎರಡನೇ ಆವೃತ್ತಿಯ ಹೊತ್ತಿಗೆ, 2009ರಲ್ಲಿ, 39 ಮೂಲಗಳು ತೀರಾ ಅಲೆದಾಡುತ್ತಿವೆ ಎಂದು ಬೇರೆ ಇಡಬೇಕಾಯಿತು. ಅವುಗಳಲ್ಲಿ 4ಸಿ 39.25 ಇದೆ, ಅದೇ 3ಸಿ 273 ಕೂಡ ಇದೆ. ಅವನ್ನು ಕೈಬಿಡಲಿಲ್ಲ. ಆ ಆವೃತ್ತಿಯಲ್ಲಿ ಪ್ರತಿ ಸಲದ ಲೆಕ್ಕದಲ್ಲೂ ಅವುಗಳ ಸ್ಥಾನವನ್ನು ಹೊಸದಾಗಿ ತೆಗೆದರು. ಹಾಗೆ ಮಾಡಿದರೆ ಅವುಗಳ ಅಲೆದಾಟ ಉಳಿದವುಗಳ ಸ್ಥಾನವನ್ನು ಕೆಡಿಸುವುದಿಲ್ಲ. 2018ರಲ್ಲಿ ಒಪ್ಪಿದ ಮೂರನೇ ಆವೃತ್ತಿಯಲ್ಲಿ 4536 ಮೂಲಗಳಿವೆ, ಚೆನ್ನಾಗಿ ಅಳೆದವುಗಳ ತಪ್ಪು ಸುಮಾರು 30 ಮೈಕ್ರೋ ಆರ್ಕ್‌ಸೆಕೆಂಡ್. ಭೂಮಿ ಅಷ್ಟು ಕೋನ ತಿರುಗಿದರೆ ಸಮಭಾಜಕದ ಮೇಲೆ ನಿಂತವರು ಒಂದು ಮಿಲಿಮೀಟರ್ ಕೂಡ ಸರಿಯುವುದಿಲ್ಲ. ಖಂಡಗಳು ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಜರುಗುತ್ತವೆ. ಅದನ್ನು ಹಿಡಿಯಲು ಇಂಥ ಚೌಕಟ್ಟೇ ಬೇಕು. ಫೋನಿನ ಮ್ಯಾಪ್‌ಗೆ ಸಿಗ್ನಲ್ ಕೊಡುವ ಉಪಗ್ರಹಗಳಿಗೂ ಭೂಮಿ ಎಷ್ಟು ತಿರುಗಿದೆ ಎಂಬ ಅಂಕಿ ಕೊನೆಗೆ ಇಲ್ಲಿಂದಲೇ ಬರುತ್ತದೆ.

ದಕ್ಷಿಣದ ಆಕಾಶದ ಬಗ್ಗೆ ಮಾತ್ರ ನನಗೆ ಕೊರಗಿದೆ. ಅಲ್ಲಿ ಆಂಟೆನಾಗಳು ಕಡಿಮೆ, ಹಾಗಾಗಿ ಎಷ್ಟೋ ಮೂಲಗಳ ಸಾಲು ಚಿಕ್ಕದು. ಸಾಲು ಚಿಕ್ಕದಾದರೆ ಒಂದು ಮೂಲ ಸ್ಥಿರವೋ ಅಲ್ಲವೋ ಎಂದು ಹೇಳುವುದೇ ಕಷ್ಟ.

ಕೊನೆಯದಾಗಿ, ಎಲ್ಲ ಕ್ವೇಸಾರ್‌ಗಳೂ ಒಟ್ಟಿಗೆ ಸರಿದಂತೆ ಕಾಣುವ ಒಂದು ಚಲನೆ ನಿಜಕ್ಕೂ ಇದೆ, ಅದು ಸಿಕ್ಕಿಬಿದ್ದಿದೆ. ಸೂರ್ಯ ನಮ್ಮನ್ನೆಲ್ಲ ಕರೆದುಕೊಂಡು ಆಕಾಶಗಂಗೆಯ ನಡುವನ್ನು ಸುತ್ತುತ್ತಿದ್ದಾನೆ. ಓಡುವವರಿಗೆ ಮಳೆ ಓರೆಯಾಗಿ ಬಂದಂತೆ ಕಾಣುವ ಹಾಗೆ, ನಾವು ಸಾಗುವುದರಿಂದ ಬೆಳಕು ಬರುವ ದಿಕ್ಕೂ ತುಸು ವಾಲಿದಂತೆ ಕಾಣುತ್ತದೆ. ಅವನು ಸಾಗುವ ದಿಕ್ಕು ನಿಧಾನವಾಗಿ ಬಾಗುತ್ತದೆ. ಅದರಿಂದ ಎಲ್ಲ ಮೂಲಗಳೂ ಧನು ರಾಶಿಯ ಕಡೆಗೆ, ಅಂದರೆ ಆಕಾಶಗಂಗೆಯ ನಡುವಿನ ಕಡೆಗೆ ಜರುಗಿದಂತೆ ಕಾಣುತ್ತವೆ. ಇದು ಸುತ್ತುವಿಕೆಯಲ್ಲ. ನಡುವಿನಿಂದ 90 ಡಿಗ್ರಿ ದೂರ ಇರುವವು ಹೆಚ್ಚು ಸರಿಯುತ್ತವೆ, ನಡುವಿನ ಹತ್ತಿರದವು ಬಹಳ ಕಡಿಮೆ ಸರಿಯುತ್ತವೆ. ಹಾಗಾಗಿ ಕೋನಗಳು ಬದಲಾಗುತ್ತವೆ, ಅಳತೆಗೆ ಸಿಗುತ್ತವೆ. ವಿಎಲ್‌ಬಿಐ ಲೆಕ್ಕದಲ್ಲಿ ಇದು ಹೆಚ್ಚೆಂದರೆ ವರ್ಷಕ್ಕೆ 5.8 ಮೈಕ್ರೋ ಆರ್ಕ್‌ಸೆಕೆಂಡ್. ಯುರೋಪಿನ ಗಾಯಾ ಬಾಹ್ಯಾಕಾಶ ದೂರದರ್ಶಕ ರೇಡಿಯೋ ಬಿಟ್ಟು ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅಳೆದಾಗ 5.05 ಬಂತು. 30 ವರ್ಷದಲ್ಲಿ ಇದು 150 ಮೈಕ್ರೋ ಆರ್ಕ್‌ಸೆಕೆಂಡ್ ದಾಟುತ್ತದೆ, ಬಿಟ್ಟುಬಿಡುವ ಹಾಗಿಲ್ಲ. ಅದಕ್ಕೇ ಮೂರನೇ ಆವೃತ್ತಿಯ ಸ್ಥಾನಗಳಿಗೆ ಮೊದಲ ಬಾರಿಗೆ ಒಂದು ತಾರೀಖು ಬಂದಿದೆ. ಅವು 2015ರ ಆರಂಭಕ್ಕೆ ಹೊಂದುವ ಸ್ಥಾನಗಳು. ಬೇರೆ ವರ್ಷಕ್ಕೆ ಬೇಕೆಂದರೆ ಈ ಜರುಗುವಿಕೆಯನ್ನು ಸೇರಿಸಿ ಲೆಕ್ಕ ಹಾಕಬೇಕು.

ಸಂಪಾದಕ