ಅಧಿಕಾರ ಬೀದಿಯಿಂದ ಬರುತ್ತದೆಯೋ, ಬಂಗಲೆಯಿಂದಲೋ?

ಬೀದಿ ಹೋರಾಟ ಬಾಗಿಲು ತೆರೆಸುತ್ತದೆ. ಒಳಗೆ ಹೋಗಿ ಕುರ್ಚಿ ಹಿಡಿಯುವವರು ಬಹುಪಾಲು ಮೊದಲೇ ಪಕ್ಷ, ಹಣ, ಸಂಪರ್ಕ ಇದ್ದವರು.

ಮುಂಬಯಿಯಲ್ಲಿರುವ ನಮಗೆ ಇದಕ್ಕೆ ಸಾಕ್ಷಿ ಫೋರ್ಟಿನ ಹುತಾತ್ಮ ಚೌಕ, ಅಂದರೆ ನಮ್ಮ ಹಿರಿಯರು ಇನ್ನೂ ಫ್ಲೋರಾ ಫೌಂಟನ್ ಎನ್ನುವ ಜಾಗ. ಮುಂಬಯಿ ಸೇರಿದ ಮರಾಠಿ ಭಾಷಿಕರ ರಾಜ್ಯ ಬೇಕೆಂದು ನಡೆದ ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು; ಚೌಕದ ಹೆಸರು ಅವರ ನೆನಪಿನದು. ಅಷ್ಟಾದರೂ ದೆಹಲಿ ಕೂಡಲೇ ಬಗ್ಗಲಿಲ್ಲ. 1957ರ ಚುನಾವಣೆಯಲ್ಲಿ ಚಳವಳಿಯ ಸಮಿತಿ ಮುಂಬಯಿಯಲ್ಲೂ ಪಶ್ಚಿಮ ಮಹಾರಾಷ್ಟ್ರದಲ್ಲೂ ಕಾಂಗ್ರೆಸ್ಸಿಗೆ ಬಲವಾದ ಪೆಟ್ಟು ಕೊಟ್ಟಿತು. ಗುಟ್ಟು ಇರುವುದು ಇಲ್ಲಿ: ಮೆರವಣಿಗೆಗೆ ಹೆದರದ ನಾಯಕರು, ಅದೇ ಜನ ಮತಗಟ್ಟೆಯಲ್ಲಿ ಸಾಲುಗಟ್ಟಿದಾಗ ಹೆದರುತ್ತಾರೆ. ಆಗ ಆಳುವವರ ಒಳಗೇ ಬಿರುಕು ಮೂಡುತ್ತದೆ, ಬೇಡಿಕೆ ಈಡೇರುತ್ತದೆ. 1960ರ ಮೇ 1ರಂದು ಮಹಾರಾಷ್ಟ್ರ ಹುಟ್ಟಿತು. ಮುಖ್ಯಮಂತ್ರಿಯಾದವರು? ಕಾಂಗ್ರೆಸ್ಸಿನ ಯಶವಂತರಾವ್ ಚವಾಣ್. ಅಡುಗೆ ಮಾಡಿದವರು ಒಬ್ಬರು, ಪಂಕ್ತಿಯಲ್ಲಿ ಮೊದಲು ಕುಳಿತವರು ಇನ್ನೊಬ್ಬರು.

ಹಾಗಾದರೆ ಬೀದಿಯವರು ಗದ್ದುಗೆ ಏರುವುದೇ ಇಲ್ಲವೇ? ಏರುತ್ತಾರೆ. ಮಂಗಳೂರಿನಿಂದ ಬರಿಗೈಯಲ್ಲಿ ಬಂದ ಜಾರ್ಜ್ ಫೆರ್ನಾಂಡಿಸ್ 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಘಟಾನುಘಟಿ ಎಸ್.ಕೆ. ಪಾಟೀಲರನ್ನು ಸೋಲಿಸಿದರು. ಕರಾವಳಿಯ ನಾವು ಈ ಕಥೆಯನ್ನು ಕೊಂಚ ಎದೆಯುಬ್ಬಿಸಿಯೇ ಹೇಳುತ್ತೇವೆ, ಒಬ್ಬನೇ ವೀರನ ಸಾಹಸ ಎನ್ನುವಂತೆ. ಆದರೆ ಅವರ ಬೆನ್ನಿಗೆ ಟ್ಯಾಕ್ಸಿ ಚಾಲಕರ, ಪಾಲಿಕೆ ನೌಕರರ ಸಂಘಗಳಿದ್ದವು. ಮೆರವಣಿಗೆ ಸಂಜೆಗೆ ಚದುರಿಹೋಗುತ್ತದೆ. ಸಂಘದ ಸದಸ್ಯರ ಪಟ್ಟಿ ಮರುದಿನವೂ ಇರುತ್ತದೆ, ಚುನಾವಣೆಯ ದಿನವೂ ಇರುತ್ತದೆ.